ಲೋಕಮಾನ್ಯ ಟಿಳಕರು

ಮಹಾರಾಷ್ಟ್ರದ ಅನ್ನವುಂಡು ಕನ್ನಡದ ಹಬ್ಬವನ್ನಾಚರಿಸುವ ನಾವು, ಈ ಶುಭದಿನದಲ್ಲಿ ಲೋಕಮಾನ್ಯ ಟಿಳಕರನ್ನು ನೆನೆಯುವುದು ಉಚಿತವೇ ಆಗಿದೆ. ಜನರ ರಾಜಕಾರಣವು ಜನರ ನುಡಿಯಲ್ಲಿಯೇ ನಡೆಯಬೇಕೆಂಬ ಮಾತನ್ನು ಅವರು ಬಾಳಿ ತೋರಿಸಿದರು. ಅದಕ್ಕಾಗಿ ಸೆರೆಮನೆಯ ಬೆಲೆಯನ್ನೂ ತೆತ್ತರು.

ಬಾಳ ಗಂಗಾಧರ ಟಿಳಕರು 1856ರ ಜುಲೈ 23ರಂದು ರತ್ನಾಗಿರಿಯಲ್ಲಿ ಜನಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಿಂದ 1877ರಲ್ಲಿ ಬಿ.ಎ. ಪದವಿ ಪಡೆದು, ಮುಂದೆ ಕಾಯದೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಆದರೆ ಸರಕಾರಿ ನೌಕರಿಯನ್ನು ಬಯಸದೆ, ಚಿಪಳೂಣಕರ, ಆಗರಕರರೊಡನೆ 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಮರುವರ್ಷವೇ ಮರಾಠಿಯಲ್ಲಿ 'ಕೇಸರಿ', ಇಂಗ್ಲಿಷಿನಲ್ಲಿ 'ಮರಾಠಾ' ಪತ್ರಿಕೆಗಳು ಹೊರಟವು. ಕೊಲ್ಲಾಪುರದ ದಿವಾಣರನ್ನು ಟೀಕಿಸಿದ ಮಾನಹಾನಿ ಖಟ್ಲೆಯಲ್ಲಿ, 1882ರಲ್ಲಿ, ಟಿಳಕರೂ ಆಗರಕರರೂ 101 ದಿನ ಡೋಂಗರಿಯ ಸೆರೆಮನೆಯಲ್ಲಿದ್ದರು. ಸಂಪಾದಕನ ಕುರ್ಚಿಗೂ ಕಾರಾಗೃಹಕ್ಕೂ ಎಷ್ಟು ಅಂತರವೆಂಬುದು ಅಂದೇ ಅವರಿಗೆ ತಿಳಿಯಿತು.

ಟಿಳಕರ ನಿಲುವುಗಳನ್ನೆಲ್ಲ ನಾವು ಒಪ್ಪಬೇಕೆಂದಿಲ್ಲ. ಹೆಣ್ಣುಮಕ್ಕಳ ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೇರಿಸಿದ 1891ರ ಕಾಯದೆಯನ್ನು, ಪರಸರಕಾರವು ನಮ್ಮ ಆಚಾರದಲ್ಲಿ ಕೈಹಾಕಬಾರದೆಂದು ಅವರು ವಿರೋಧಿಸಿದರು. ಇಲ್ಲಿ ಕಾಲವು ಸುಧಾರಕರ ಪಕ್ಷವನ್ನೇ ಎತ್ತಿಹಿಡಿಯಿತು. ಆದರೆ ಅವರ ದೇಶಪ್ರೇಮದಲ್ಲಿ ಸಂಶಯಕ್ಕೆಡೆಯಿಲ್ಲ. 1897ರಲ್ಲಿ ಪ್ಲೇಗಿನ ದಿನಗಳಲ್ಲಿ ರಾಜದ್ರೋಹದ ಆರೋಪಕ್ಕೆ ಗುರಿಯಾಗಿ ಹದಿನೆಂಟು ತಿಂಗಳ ಶಿಕ್ಷೆ ಪಡೆದರು. ಒಂದು ವರ್ಷದ ಮೇಲೆ ಬಿಡುಗಡೆಯಾಯಿತು.

1908ರಲ್ಲಿ ಮುಜಫರಪುರದ ಬಾಂಬಿನ ಘಟನೆಯ ಬಗೆಗೆ 'ಕೇಸರಿ'ಯಲ್ಲಿ ಬಂದ ಲೇಖನಗಳ ಮೇಲೆ ಮುಂಬಯಿಯಲ್ಲಿ ಎರಡನೆಯ ರಾಜದ್ರೋಹದ ಖಟ್ಲೆ ನಡೆಯಿತು. ಟಿಳಕರು ತಮ್ಮ ವಾದವನ್ನು ತಾವೇ ಮಂಡಿಸಿದರು. ಲೇಖನಗಳು ಮರಾಠಿಯವು, ನ್ಯಾಯಾಲಯದ ಮುಂದಿದ್ದುದು ಅವುಗಳ ಇಂಗ್ಲಿಷ್ ಭಾಷಾಂತರ. ಆ ಭಾಷಾಂತರವೇ ಮೂಲದ ಅರ್ಥವನ್ನು ಕೆಡಿಸಿದೆಯೆಂದು ಅವರು ಬಗೆಬಗೆಯಾಗಿ ತೋರಿಸಿದರು. ಜ್ಯೂರಿಯಲ್ಲಿ ಏಳು ಜನ ಅಪರಾಧಿಯೆಂದರು, ಇಬ್ಬರು ನಿರಪರಾಧಿಯೆಂದರು. ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಮುಂಬಯಿಯ ಗಿರಣಿ ಕಾಮಗಾರರು ಆರು ದಿನ ಕೆಲಸ ನಿಲ್ಲಿಸಿದರು. ತಮ್ಮ ನುಡಿಯಲ್ಲಿ ಬರೆದವನನ್ನು ಜನ ತಮ್ಮವನೆಂದೇ ಬಗೆದಿದ್ದರು.

ಬ್ರಹ್ಮದೇಶದ ಮಂಡಾಲೆಯ ಸೆರೆಯಲ್ಲಿ, ಸೀಸದ ಕಡ್ಡಿಯಿಂದ, 1910-11ರ ಚಳಿಗಾಲದ ಕೆಲವೇ ತಿಂಗಳಲ್ಲಿ 'ಗೀತಾರಹಸ್ಯ'ವನ್ನು ಬರೆದು ಮುಗಿಸಿದರು. 1912ರಲ್ಲಿ ಪತ್ನಿ ಸತ್ಯಭಾಮಾಬಾಯಿಯವರು ತೀರಿಕೊಂಡ ವಾರ್ತೆಯನ್ನು ಅಲ್ಲಿಯೇ ಕೇಳಬೇಕಾಯಿತು. 1914ರಲ್ಲಿ ಬಿಡುಗಡೆ, 1915ರಲ್ಲಿ ಗ್ರಂಥ ಪ್ರಕಟವಾಯಿತು. ಅದನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರ ವೆಂಕಟರಾಯರೇ ಎಂಬುದು ಅಭಿಮಾನದ ಸಂಗತಿ.

1916ರ ಏಪ್ರಿಲಿನಲ್ಲಿ ಟಿಳಕರು ಹೋಮರೂಲ್ ಲೀಗನ್ನು ಸ್ಥಾಪಿಸಿದ್ದು ಬೆಳಗಾವಿಯಲ್ಲಿ. ಗಂಗಾಧರರಾವ ದೇಶಪಾಂಡೆಯವರು ಅಲ್ಲಿ ಅವರ ಬಲಗೈಯಾಗಿದ್ದರು. ಬೆಳಗಾವಿ, ಅಹಮದನಗರಗಳ ಭಾಷಣಗಳಿಗಾಗಿ ಸರಕಾರವು ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆ ಕೇಳಿತು; ಹೈಕೋರ್ಟು ಆ ಆಜ್ಞೆಯನ್ನು ತಳ್ಳಿಹಾಕಿತು. ಲೀಗಿನ ಶಾಖೆಗಳಲ್ಲಿ ಕರ್ನಾಟಕಕ್ಕೆ ಬೇರೆಯೇ ಸ್ಥಾನವಿತ್ತೆಂಬುದನ್ನು ನಾವು ಮರೆಯಲಾಗದು. ಸರಕಾರದ ನಕ್ಷೆಯಲ್ಲಿ ಅಂದು ಕರ್ನಾಟಕವಿರಲಿಲ್ಲ. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಏಕೀಕರಣಕ್ಕೆ ನಾಲ್ವತ್ತು ವರ್ಷ ಮೊದಲೇ ಮರಾಠಿ ನಾಡಿನ ಈ ನಾಯಕರ ಸಂಘಟನೆಯಲ್ಲಿ ಆ ಹೆಸರು ಸ್ಥಾನ ಪಡೆಯಿತು.

1920ರ ಆಗಸ್ಟ್ 1ರಂದು ಮುಂಬಯಿಯ ಸರದಾರಗೃಹದಲ್ಲಿ ಅವರು ಕಣ್ಣು ಮುಚ್ಚಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಸ್ವೀಕರಿಸಿತು; 1956ರಲ್ಲಿ ಕನ್ನಡನಾಡು ಒಂದಾಯಿತು. ತನ್ನ ನುಡಿಯನ್ನು ಮನಸಾರೆ ಪ್ರೀತಿಸಿದವನು ನೆರೆಯವರ ನುಡಿಗೆ ಎಂದೂ ಹಗೆಯಾಗನು. ಇಲ್ಲಿ ಬಾಳುವ ನಾವು, ಕನ್ನಡವನ್ನು ಬಿಡದೆ ಮರಾಠಿಯನ್ನು ಗೌರವಿಸುತ್ತ ನಡೆದರೆ, ಅದೇ ಲೋಕಮಾನ್ಯರಿಗೆ ನಾವು ಸಲ್ಲಿಸುವ ನಿಜವಾದ ಕಾಣಿಕೆ.