ಫರ್ಡಿನಾಂಡ್ ಕಿಟೆಲ್ ಮತ್ತು ಆಕರೋಲ್ಲೇಖದ ಶಿಸ್ತು

ಕನ್ನಡದಲ್ಲಿ ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿಯ ಮೇಜಿನ ಮೇಲೆ ಒಂದಿಲ್ಲೊಂದು ದಿನ ಕಿಟೆಲ್ ನಿಘಂಟು ಬಂದು ಕೂಡುತ್ತದೆ. ಪದವೊಂದರ ಅರ್ಥವನ್ನು ಬರೆದುಕೊಂಡು, ಅಡಿಟಿಪ್ಪಣಿಯಲ್ಲಿ ಕಿಟೆಲ್ ಎಂದು ನಮೂದಿಸಿ ಮುಂದೆ ಸಾಗುವುದು ರೂಢಿ. ಆ ಅರ್ಥದ ಬೆನ್ನಿಗೇ ಆವರಣದೊಳಗೆ ಅಚ್ಚಾಗಿರುವ ಎರಡು ಮೂರು ಅಕ್ಷರಗಳನ್ನೂ ಅಂಕಿಗಳನ್ನೂ ಓದುವವರು ವಿರಳ. ಕಿಟೆಲ್ ಅವರ ಬದುಕಿನ ಬಹುಪಾಲು ದುಡಿಮೆ ಆ ಅಕ್ಷರಗಳಲ್ಲಿಯೇ ಅಡಗಿದೆ ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಅವರ ಜೀವನವನ್ನು ಆ ದೃಷ್ಟಿಯಿಂದ ಇಲ್ಲಿ ನೋಡಲಾಗಿದೆ.

ಕಿಟೆಲ್ ಅವರು ಜನಿಸಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಗೆ ಸೇರಿದ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಶಾಲೆಯ ಶಿಕ್ಷಣ ಮುಗಿದ ಮೇಲೆ ಅವರು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ ಧರ್ಮಪ್ರಚಾರಕರಾಗಿ ಭಾರತಕ್ಕೆ ಬಂದರು. ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಮಿಶನ್ನಿನ ಕೇಂದ್ರಗಳು ಸ್ಥಾಪಿತವಾಗಿದ್ದವು. ಕಿಟೆಲ್ ಅವರ ಮೊದಲ ವರ್ಷಗಳು ಕಳೆದದ್ದು ಈ ಪರಿಸರದಲ್ಲಿ. ಕನ್ನಡವನ್ನು ಅವರು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಊರೂರು ನಡೆದು, ಜನರ ನಡುವೆ ಇದ್ದು ಕಲಿತರು. ಇಲ್ಲಿಯವರಿಗೆ ಇಲ್ಲಿಯವರಂತೆಯೇ ಆಗಿ ಬದುಕಬೇಕೆಂಬ ಅವರ ಹಂಬಲ ಹಿರಿಯ ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಪ್ರಚಾರಕ್ಕಿಂತ ಪಾಂಡಿತ್ಯದಲ್ಲಿ ಹೆಚ್ಚು ಮಗ್ನರಾದವರೆಂಬ ಆಕ್ಷೇಪ ಅವರನ್ನು ಬಹುಕಾಲ ಹಿಂಬಾಲಿಸಿತು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿಯೂ ಅವರು ಸೇವೆ ಸಲ್ಲಿಸಿದರು. 1862ರಲ್ಲಿ ಪ್ರಕಟವಾದ ಕಥಾಮಾಲೆಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ದೇಶೀ ಛಂದಸ್ಸಿನಲ್ಲಿ ರಚಿಸಿರುವುದು ಅವರ ಒಲವು ಎತ್ತ ಇತ್ತೆಂಬುದನ್ನು ತೋರಿಸುತ್ತದೆ.

ಅವರಿಗಿಂತ ಮೊದಲು ಕನ್ನಡಕ್ಕೆ ನಿಘಂಟು ಇರಲಿಲ್ಲವೆಂದಲ್ಲ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ, ಎಂದರೆ ಕಿಟೆಲ್ ಹುಟ್ಟಿದ ವರ್ಷದಲ್ಲಿಯೇ, ಮದರಾಸಿನಲ್ಲಿ ಪ್ರಕಟವಾಗಿತ್ತು. ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಿಂದ ಹೊರತಂದರು. ಆ ಕೃತಿಯಲ್ಲಿ ಪದಕ್ಕೆ ಅರ್ಥವುಂಟು. ಆದರೆ ಆ ಅರ್ಥ ಎಲ್ಲಿಂದ ಬಂತೆಂದು ಕೇಳಿದರೆ ಬಹುಮಟ್ಟಿಗೆ ಉತ್ತರವಿಲ್ಲ. ಓದುಗ ನಿಘಂಟುಕಾರನನ್ನು ನಂಬಬೇಕು, ಇಲ್ಲವೇ ಬಿಡಬೇಕು. ಬಾಸೆಲ್ ಮಿಶನ್ನಿನ ವಿದ್ವಾಂಸ ವಲಯದಲ್ಲಿ ಈ ಸ್ಥಿತಿ ಬದಲಾಗತೊಡಗಿತ್ತು. ಗುಂಡರ್ಟ್ ಅವರ ಮಲಯಾಳಂ ನಿಘಂಟು 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು, ಕಿಟೆಲ್ ಬರುವ ಹೊತ್ತಿಗಾಗಲೇ, ಮೊಗ್ಲಿಂಗ್ ಅವರು ಬಿಬ್ಲಿಯೊಥೆಕಾ ಕರ್ನಾಟಕ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ ಮೊದಲಾದ ಕಾವ್ಯಗಳನ್ನು ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. ಓಲೆಗರಿಯಲ್ಲಿದ್ದ ಕಾವ್ಯ ಮುದ್ರಣಕ್ಕೆ ಬಂದಾಗಲೇ ಅದರ ಸಂಧಿ, ಪದ್ಯಗಳ ಸಂಖ್ಯೆಯನ್ನು ಕೊಟ್ಟು ಇನ್ನೊಬ್ಬರನ್ನು ಅದೇ ಸ್ಥಳಕ್ಕೆ ಕರೆದೊಯ್ಯುವುದು ಸುಲಭವಾಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಕಿಟೆಲ್ ಅವರು ನಿಘಂಟಿಗೆ ಕೈಹಾಕುವ ಮುನ್ನ ತಮಗೆ ಬೇಕಾದ ಆಕರಗಳನ್ನು ತಾವೇ ಸಿದ್ಧಪಡಿಸಿಕೊಳ್ಳಬೇಕಾಯಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಎರಡನೆಯದಕ್ಕೆ ಕನ್ನಡ ಸಾಹಿತ್ಯದ ಸಮೀಕ್ಷೆಯೊಂದನ್ನು ಸೇರಿಸಿದರು. ಅದರಲ್ಲಿಯ ಹಲವು ಕಾಲನಿರ್ಣಯಗಳು ಇಂದು ನಿಲ್ಲುವುದಿಲ್ಲ, ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಹೊರಬಂದ ಮೇಲೆ ಆ ಸಮೀಕ್ಷೆ ಹಿಂದೆ ಸರಿಯಿತು. ಆದರೂ ಅವರು ತಮ್ಮ ಆಧಾರಗಳನ್ನು ಹೇಳಿ ಹೋದುದರಿಂದ, ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಹುಡುಕುವ ದಾರಿ ಉಳಿದಿದೆ.

1877ರಲ್ಲಿ ಸ್ವದೇಶಕ್ಕೆ ಮರಳಿದ ಕಿಟೆಲ್ ಅವರು ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಬಂದು, 1892ರವರೆಗೆ ಇಲ್ಲಿದ್ದರು. ಸುಮಾರು 70,000 ಪದಗಳನ್ನೊಳಗೊಂಡ, 1,700ಕ್ಕೂ ಹೆಚ್ಚು ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಿತು. ಬೆರಳಚ್ಚು ಯಂತ್ರವೂ ಇಲ್ಲದೆ, ಚೀಟಿಗಳನ್ನು ಕೈಯಿಂದಲೇ ಬರೆದು ಜೋಡಿಸಿ ಮಾಡಬೇಕಾದ ಕೆಲಸವಿದು.

ಈ ನಿಘಂಟಿನ ರಚನೆ ಹೀಗಿದೆ. ಗ್ರಂಥಗಳ ಹೆಸರುಗಳಿಗೆ ರೋಮನ್ ಲಿಪಿಯ ಸಂಕ್ಷೇಪಾಕ್ಷರಗಳನ್ನು ಗೊತ್ತುಪಡಿಸಿ, ಅವುಗಳ ಪಟ್ಟಿಯನ್ನು ಮೊದಲಲ್ಲೇ ಕೊಡಲಾಗಿದೆ. ಶಬ್ದಮಣಿದರ್ಪಣಕ್ಕೆ ಎಸ್‌ಎಂಡಿ, ಬಸವಪುರಾಣಕ್ಕೆ ಬಿಪಿ, ಜೈಮಿನಿ ಭಾರತಕ್ಕೆ ಜೆ ಎಂಬಂತೆ. ಕಾವ್ಯದಿಂದ ಬಂದ ಅರ್ಥವಾದರೆ ಈ ಅಕ್ಷರದ ಪಕ್ಕದಲ್ಲಿ ಸ್ಥಳಸೂಚಕ ಅಂಕಿಗಳು ನಿಲ್ಲುತ್ತವೆ. ಗಾದೆಯಿಂದ ಬಂದಿದ್ದರೆ ಗಾದೆಯೆಂಬ ಗುರುತು. ಇನ್ನೂ ಮಹತ್ವದ ಸಂಗತಿ ಬೇರೆ ಇದೆ. ಬರಹದಲ್ಲಿ ಸಿಗದೆ ಬಾಯಿಮಾತಿನಲ್ಲಿ ಮಾತ್ರ ಕೇಳಿದ ಪದವನ್ನು ಅವರು ಆಧಾರವಿಲ್ಲದ್ದೆಂದು ಕೈಬಿಡಲಿಲ್ಲ, ಆಧಾರವಿದ್ದಂತೆ ತೋರಿಸಲೂ ಇಲ್ಲ; ಕೇಳಿದ ಸೀಮೆಯನ್ನು ಸೂಚಿಸಿದರು. ಮೈಸೂರು ಸೀಮೆಯ ಮಾತಿಗೆ ಒಂದು ಗುರುತು, ಆಗ ದಕ್ಷಿಣ ಮರಾಠಾ ಪ್ರಾಂತವೆನಿಸಿಕೊಂಡಿದ್ದ ನಮ್ಮ ಧಾರವಾಡ-ಬೆಳಗಾವಿ ಭಾಗದ ಮಾತಿಗೆ ಇನ್ನೊಂದು. ವ್ಯುತ್ಪತ್ತಿಯಲ್ಲಿ ಸಂದೇಹವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಲು ಹಿಂಜರಿಯಲಿಲ್ಲ. ತಾನು ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರನ್ನು ಹೀಗೆ ಬೇರೆ ಬೇರೆಯಾಗಿ ಇಡುವುದೇ ಆಕರೋಲ್ಲೇಖದ ತಿರುಳು. ಅಲ್ಪವಿರಾಮ ಎಲ್ಲಿ ಬರಬೇಕು, ಪ್ರಕಾಶಕರ ಹೆಸರು ಮೊದಲೋ ವರ್ಷ ಮೊದಲೋ ಎಂಬ ಚರ್ಚೆ ಆಮೇಲಿನದು. ನಮ್ಮ ಕಮ್ಮಟಗಳಲ್ಲಿ ಎರಡನೆಯದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ.

ಈ ಕ್ರಮದ ಫಲ ಕಾಣುವುದು ನಿಘಂಟಿನ ಕೊರತೆಗಳಲ್ಲಿ. ಕವಿರಾಜಮಾರ್ಗವಾಗಲಿ ಪಂಪಭಾರತವಾಗಲಿ ಮುದ್ರಣಗೊಂಡದ್ದು 1898ರಲ್ಲಿ, ನಿಘಂಟು ಪ್ರಕಟವಾದ ನಾಲ್ಕು ವರ್ಷಗಳ ನಂತರ. ಅಲ್ಲಿಂದ ಮುಂದೆ ಹಳಗನ್ನಡದ ಎಷ್ಟೋ ಕೃತಿಗಳೂ ಶಾಸನಗಳೂ ಬೆಳಕಿಗೆ ಬಂದವು. ಕಿಟೆಲ್ ಅವರ ಕೈಯಲ್ಲಿ ಯಾವ ಗ್ರಂಥಗಳಿದ್ದವು ಎಂಬುದು ಪಟ್ಟಿಯಿಂದ ತಿಳಿಯುವುದರಿಂದ, ಯಾವುವು ಇರಲಿಲ್ಲ ಎಂಬುದೂ ತಿಳಿಯುತ್ತದೆ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಪ್ರಯೋಗಗಳನ್ನು ಇನ್ನೂ ವಿಪುಲವಾಗಿ ಕೊಡುವ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಬರೋ ಮತ್ತು ಎಮೆನೊ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ಕೋಶದ ಕನ್ನಡ ಪದಗಳಿಗೆ ಮುಖ್ಯ ಆಧಾರ ಕಿಟೆಲ್ ನಿಘಂಟೇ.

ಆದರೆ ಇದೇ ಸೌಲಭ್ಯ ಒಂದು ದುರಭ್ಯಾಸಕ್ಕೂ ಎಡೆಮಾಡಿದೆ. ನಿಘಂಟಿನಲ್ಲಿರುವ ಗ್ರಂಥಸೂಚನೆಯನ್ನು ಹಾಗೆಯೇ ಎತ್ತಿ, ಮೂಲಕಾವ್ಯವನ್ನೇ ಓದಿದಂತೆ ಅಡಿಟಿಪ್ಪಣಿಯಲ್ಲಿ ಬರೆಯುವ ಪ್ರಬಂಧಗಳು ಕಣ್ಣಿಗೆ ಬೀಳುತ್ತವೆ. ಸೂಚನೆ ಸರಿಯಾಗಿಯೇ ಇರಬಹುದು; ಆದರೂ ಹೇಳಿಕೆ ಸುಳ್ಳು. ಆವೃತ್ತಿ ಬದಲಾದಾಗ ಪದ್ಯಸಂಖ್ಯೆಗಳೂ ಬದಲಾಗಬಹುದು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಮುದ್ರಣಕ್ಕೆ ಸೇರಿದ ಅಂಕಿಯನ್ನು ಇತ್ತೀಚಿನ ಆವೃತ್ತಿಯ ಹೆಸರಿನೊಂದಿಗೆ ಕೂಡಿಸಿದಾಗ ಓದುಗ ಆ ಪುಟದಲ್ಲಿ ಏನನ್ನೂ ಕಾಣದೆ ಹಿಂದಿರುಗುತ್ತಾನೆ. ಮೂಲ ಸಿಗದಿದ್ದರೆ ಕಿಟೆಲ್ ಅವರಲ್ಲಿ ಉಲ್ಲೇಖಿತ ಎಂದು ಬರೆಯುವುದರಿಂದ ಪ್ರಬಂಧದ ಘನತೆಗೆ ಕುಂದಿಲ್ಲ.

ಕಿಟೆಲ್ ಅವರ ಕ್ರಮದಲ್ಲಿಯೂ ಒಂದು ಮೌನವಿದೆ. ಸ್ಥಳೀಯ ಪಂಡಿತರ ನೆರವನ್ನು ಅವರು ಮುನ್ನುಡಿಯಲ್ಲಿ ಸ್ಮರಿಸಿದ್ದಾರೆ. ಆದರೆ ಧಾರವಾಡದ ಸಂತೆಯಲ್ಲಿಯೋ ಹೊಲದ ಬದುವಿನಲ್ಲಿಯೋ ಒಂದು ಪದವನ್ನು ಅವರ ಕಿವಿಗೆ ಹಾಕಿದವರು ಸೀಮೆಯ ಸಂಕ್ಷೇಪಾಕ್ಷರದಲ್ಲಿ ಕರಗಿಹೋಗಿದ್ದಾರೆ. ಕಾವ್ಯಕ್ಕೆ ಕವಿಯ ಹೆಸರುಂಟು, ಪದ್ಯದ ಅಂಕಿಯುಂಟು. ಮಾತಿಗೆ ಸೀಮೆ ಮಾತ್ರ. ಆ ಕಾಲದ ವಿದ್ವತ್ತಿನ ಮಿತಿ ಇದೆಂದು ಒಪ್ಪಬಹುದು. ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಹೆಸರು, ಊರು, ದಿನಾಂಕಗಳನ್ನು ಅವರ ಒಪ್ಪಿಗೆ ಪಡೆದು ದಾಖಲಿಸಬೇಕೆಂದು ಇಂದಿನ ಜಾನಪದ ವಿದ್ಯಾರ್ಥಿಗೆ ಹೇಳಿಕೊಡುವುದು ಈ ಮಿತಿಯನ್ನು ದಾಟುವುದಕ್ಕಾಗಿಯೇ.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ಊರಿನಲ್ಲಿ ನೆಲೆಸಿದ್ದ ಅವರು ಕೊನೆಯ ವರ್ಷಗಳನ್ನು ಕನ್ನಡದ ಹಳೆಯ, ನಡುವಣ, ಹೊಸ ರೂಪಗಳೆಲ್ಲವನ್ನೂ ಒಳಗೊಳ್ಳುವ ಇಂಗ್ಲಿಷ್ ವ್ಯಾಕರಣವೊಂದಕ್ಕೆ ಮುಡಿಪಾಗಿಟ್ಟರು. ಮೂರು ದಶಕಗಳ ಹಿಂದೆ ತಾವೇ ಸಂಪಾದಿಸಿದ್ದ ಶಬ್ದಮಣಿದರ್ಪಣ ಅದಕ್ಕೂ ಮುಖ್ಯ ಆಧಾರವಾಯಿತು. ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟೆಲ್ ಅವರು ಟ್ಯೂಬಿಂಗೆನ್‌ನಲ್ಲಿ ನಿಧನರಾದರು. ಧಾರವಾಡದಲ್ಲಿ ಅವರ ಹೆಸರಿನ ಮಹಾವಿದ್ಯಾಲಯವಿದೆ.