ಪೆಟ್ರೋಲಿಗೆ ಗಾಳಿ ಬೆರೆಸಿದ ವಿಲ್ಹೆಲ್ಮ್ ಮೇಬ್ಯಾಕ್

ಮಕ್ಕಳೇ, ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಸಾಗಿ ಹಂಗಳದ ಬಳಿ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಸಿಗುತ್ತದೆ. ಸಮುದ್ರ ಮಟ್ಟದಿಂದ ಇದರ ಎತ್ತರ 1454 ಮೀಟರ್. ಈಗ ನಮ್ಮ ವಾಹನಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಆದರೆ ಹಿಂದೆ ಕಾರು, ಜೀಪು, ಮೋಟಾರ್ ಸೈಕಲ್‌ಗಳೂ ಮೇಲೆ ಹೋಗುತ್ತಿದ್ದವು. ಇಂತಹ ಬೆಟ್ಟ ಹತ್ತುವಾಗ ಹಳೆಯ ಪೆಟ್ರೋಲ್ ಗಾಡಿಗಳು ಏದುಸಿರು ಬಿಟ್ಟು ಕಪ್ಪು ಹೊಗೆ ಕಾರುವುದುಂಟು. ಊರಿನ ಮೆಕ್ಯಾನಿಕ್ ಅಣ್ಣನನ್ನು ಕೇಳಿದರೆ, ಕಾರ್ಬುರೇಟರ್ ಸರಿಮಾಡಬೇಕು ಎನ್ನುತ್ತಾರೆ.

ಈ ಕಾರ್ಬುರೇಟರ್ ಎಂದರೇನು? ಅದಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಜರ್ಮನಿಯ ವಿಲ್ಹೆಲ್ಮ್ ಮೇಬ್ಯಾಕ್. ಹತ್ತನೆಯ ವಯಸ್ಸಿಗೇ ತಂದೆತಾಯಿಯನ್ನು ಕಳೆದುಕೊಂಡ ಈ ಬಾಲಕ ಮೋಟಾರು ಜಗತ್ತಿನ ದೊಡ್ಡ ವಿನ್ಯಾಸಗಾರನಾದ ಕಥೆ ತಿಳಿಯೋಣ.

ಅನಾಥಾಲಯದ ಹುಡುಗ

ವಿಲ್ಹೆಲ್ಮ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಜರ್ಮನಿಯ ಹೈಲ್‌ಬ್ರಾನ್ ಪಟ್ಟಣದಲ್ಲಿ. ತಂದೆ ಬಡಗಿ. ಮನೆಯಲ್ಲಿ ಐವರು ಗಂಡುಮಕ್ಕಳು. ಮೊದಲು ತಾಯಿ ತೀರಿಕೊಂಡರು. 1856ರಲ್ಲಿ ತಂದೆಯೂ ತೀರಿಕೊಂಡರು. ಮಕ್ಕಳಿಗೆ ಆಶ್ರಯ ಬೇಕೆಂದು ಬಂಧುಗಳು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಯಿತು.

ರಾಯ್ಟ್‌ಲಿಂಗನ್ ಎಂಬ ಊರಿನಲ್ಲಿ ಗುಸ್ತಾವ್ ವೆರ್ನರ್ ಎಂಬ ಪಾದ್ರಿ ಒಂದು ಆಶ್ರಮ ನಡೆಸುತ್ತಿದ್ದರು. ಅಲ್ಲಿ ಅನಾಥ ಮಕ್ಕಳಿಗೆ ಊಟ, ವಸತಿಯ ಜೊತೆಗೆ ಕಸುಬನ್ನೂ ಕಲಿಸುತ್ತಿದ್ದರು. ವಿಲ್ಹೆಲ್ಮ್ ಅಲ್ಲಿಗೆ ಸೇರಿದ. ಆಶ್ರಮಕ್ಕೆ ಸೇರಿದ ಯಂತ್ರಗಳ ಕಾರ್ಖಾನೆಯೂ ಇತ್ತು. ಹುಡುಗನ ಕೈಯಲ್ಲಿ ಚಿತ್ರ ಬರೆಯುವ ಜಾಣ್ಮೆ ಇರುವುದನ್ನು ವೆರ್ನರ್ ಗುರುತಿಸಿದರು. ಹದಿನೈದನೆಯ ವಯಸ್ಸಿನಲ್ಲಿ ಅವನು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಕೆಲಸ ಕಲಿಯತೊಡಗಿದ. ಹಗಲು ಕೆಲಸ, ಸಂಜೆ ಗಣಿತ, ಭೌತವಿಜ್ಞಾನ ಮತ್ತು ರೇಖಾಚಿತ್ರದ ಪಾಠ.

1863ರಲ್ಲಿ ಆ ಕಾರ್ಖಾನೆಗೆ ಮುಖ್ಯಸ್ಥನಾಗಿ ಗಾಟ್ಲಿಬ್ ಡೈಮ್ಲರ್ ಎಂಬ ಎಂಜಿನಿಯರ್ ಬಂದ. ಅವನಿಗಿಂತ ಸುಮಾರು ಹನ್ನೆರಡು ವರ್ಷ ಚಿಕ್ಕವನಾದ ಮೇಬ್ಯಾಕ್ ಅವನ ನೆಚ್ಚಿನ ಸಹಾಯಕನಾದ. ಡೈಮ್ಲರ್ ಹೋದ ಕಡೆಗೆಲ್ಲ ಮೇಬ್ಯಾಕ್ ಹೋದ. ಅವರ ಗೆಳೆತನ ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ, ಡೈಮ್ಲರ್ ಸಾಯುವವರೆಗೂ ಉಳಿಯಿತು.

ನಿಂತಲ್ಲೇ ನಿಂತ ಎಂಜಿನ್

1872ರಲ್ಲಿ ಇಬ್ಬರೂ ಡಾಯ್ಟ್ಜ್ ಎಂಬಲ್ಲಿದ್ದ ನಿಕೊಲಾಸ್ ಆಟೊ ಅವರ ಎಂಜಿನ್ ಕಾರ್ಖಾನೆ ಸೇರಿದರು. 1876ರಲ್ಲಿ ಆಟೊ ನಾಲ್ಕು ಹೊಡೆತದ ಎಂಜಿನ್ ಸಿದ್ಧಪಡಿಸಿದ. ಅದನ್ನು ಮಾರಾಟಕ್ಕೆ ತಕ್ಕಂತೆ ತಿದ್ದಿದವನು ಮೇಬ್ಯಾಕ್. ಆದರೆ ಆ ಎಂಜಿನ್ ಕಲ್ಲಿದ್ದಲಿನ ಅನಿಲದಿಂದ ನಡೆಯುತ್ತಿತ್ತು. ಅನಿಲ ಕೊಳವೆಯಲ್ಲಿ ಬರುತ್ತಿತ್ತು. ಕೊಳವೆಗೆ ಕಟ್ಟಿದ ಎಂಜಿನ್ ರಸ್ತೆಯಲ್ಲಿ ಓಡುವುದು ಹೇಗೆ?

ಓಡಬೇಕಾದರೆ ಇಂಧನವನ್ನು ಜೊತೆಗೇ ಒಯ್ಯಬೇಕು. ಅದಕ್ಕೆ ದ್ರವ ಇಂಧನ ಬೇಕು. ಆ ಕಾಲದಲ್ಲಿ ಪೆಟ್ರೋಲಿನಂತಹ ದ್ರವವನ್ನು ಬಟ್ಟೆಯ ಕಲೆ ತೆಗೆಯಲು ಔಷಧಿ ಅಂಗಡಿಗಳಲ್ಲಿ ಮಾರುತ್ತಿದ್ದರು. ಆದರೆ ಪೆಟ್ರೋಲ್ ದ್ರವವಾಗಿದ್ದಾಗ ಎಂಜಿನ್ನಿನಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದು ಆವಿಯಾಗಿ ಗಾಳಿಯೊಂದಿಗೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಹೊಗೆ, ಪೆಟ್ರೋಲ್ ಕಡಿಮೆಯಾದರೆ ಎಂಜಿನ್ನಿಗೆ ನಿತ್ರಾಣ. ಗಾಳಿ ಮತ್ತು ಪೆಟ್ರೋಲನ್ನು ಹೀಗೆ ಬೆರೆಸುವ ಸಾಧನವೇ ಕಾರ್ಬುರೇಟರ್.

1882ರಲ್ಲಿ ಡೈಮ್ಲರ್ ಕಾರ್ಖಾನೆ ಬಿಟ್ಟು ಕಾನ್‌ಸ್ಟಾಟ್ ಎಂಬ ಊರಿಗೆ ಬಂದ. ಮೇಬ್ಯಾಕ್ ಕೂಡ ಬಂದ. ಮನೆಯ ತೋಟದಲ್ಲಿ ಗಿಡ ಬೆಳೆಸಲು ಕಟ್ಟಿದ್ದ ಗಾಜಿನ ಮನೆಯೇ ಅವರ ಕಾರ್ಯಾಗಾರವಾಯಿತು. ಬಾಗಿಲು ಮುಚ್ಚಿಕೊಂಡು ಹಗಲಿರುಳು ಬಡಿಯುವ ಸದ್ದು ಕೇಳಿ ತೋಟದ ಮಾಲಿಗೆ ಸಂಶಯ ಬಂತಂತೆ. ಇವರು ಖೋಟಾ ನಾಣ್ಯ ಮಾಡುತ್ತಿರಬೇಕೆಂದು ಅವನು ಪೊಲೀಸರಿಗೆ ತಿಳಿಸಿದ. ಪೊಲೀಸರು ಬಂದು ನೋಡಿದಾಗ ಅಲ್ಲಿದ್ದುದು ಎಂಜಿನ್ನುಗಳು ಮಾತ್ರ ಎಂದು ಹೇಳುತ್ತಾರೆ.

1885ರಲ್ಲಿ ಅವರು ನಿಲುವು ಗಡಿಯಾರದ ಆಕಾರದ ಪುಟ್ಟ ಎಂಜಿನ್ ತಯಾರಿಸಿದರು. ಅಂದಿನ ಎಂಜಿನ್ನುಗಳು ನಿಮಿಷಕ್ಕೆ 120ರಿಂದ 180 ಸುತ್ತು ತಿರುಗುತ್ತಿದ್ದರೆ ಇದು 600 ಸುತ್ತು ತಿರುಗುತ್ತಿತ್ತು. ಅದೇ ವರ್ಷ ಅದನ್ನು ಮರದ ದ್ವಿಚಕ್ರ ಗಾಡಿಗೆ ಜೋಡಿಸಿದರು. ಇಂದಿನ ಮೋಟಾರ್ ಸೈಕಲ್ಲಿನ ಪೂರ್ವಜ ಅದೇ.

ಹೋಟೆಲಿನಲ್ಲಿ ಹುಟ್ಟಿದ ಕಾರ್ಬುರೇಟರ್

ಆ ಎಂಜಿನ್ನಿನ ಕಾರ್ಬುರೇಟರಿನಲ್ಲಿ ಒಂದು ತೊಂದರೆ ಇತ್ತು. ಅದರಲ್ಲಿ ಗಾಳಿಯು ಪೆಟ್ರೋಲ್ ತುಂಬಿದ ಡಬ್ಬಿಯ ಮೂಲಕ ಹಾದು ಆವಿಯನ್ನು ಹೊತ್ತು ಬರುತ್ತಿತ್ತು. ಪೆಟ್ರೋಲಿನಲ್ಲಿ ಬೇಗ ಆರುವ ಅಂಶವೂ ಇದೆ, ನಿಧಾನವಾಗಿ ಆರುವ ಅಂಶವೂ ಇದೆ. ಬೇಗ ಆರುವುದು ಮೊದಲು ಹೋಗಿಬಿಡುತ್ತಿತ್ತು. ಉಳಿದದ್ದು ಆವಿಯಾಗಲು ತಡಮಾಡುತ್ತಿತ್ತು. ಬಿಸಿಲಿನ ದಿನ ಒಂದು ಬಗೆ, ಚಳಿಯ ದಿನ ಇನ್ನೊಂದು ಬಗೆ. ಹೀಗಾಗಿ ಎಂಜಿನ್ ಒಂದೇ ಸಮನೆ ನಡೆಯುತ್ತಿರಲಿಲ್ಲ.

ಇದನ್ನು ಸರಿಪಡಿಸುವ ಹೊತ್ತಿಗೆ ಮೇಬ್ಯಾಕ್ ಕೆಲಸವನ್ನೇ ಬಿಡಬೇಕಾಯಿತು. 1890ರಲ್ಲಿ ಡೈಮ್ಲರ್ ಹೆಸರಿನ ಕಂಪನಿ ಆರಂಭವಾಗಿತ್ತು. ಹಣ ಹಾಕಿದವರಿಗೆ ನಿಂತಲ್ಲೇ ನಡೆಯುವ ಎಂಜಿನ್ನುಗಳ ಮೇಲೆಯೇ ಆಸೆ, ವಾಹನದ ಮೇಲೆ ಅಲ್ಲ. ಅವರು ಮುಂದಿಟ್ಟ ಷರತ್ತುಗಳನ್ನು ಒಪ್ಪದೆ ಮೇಬ್ಯಾಕ್ 1891ರಲ್ಲಿ ಹೊರಬಂದ. ಡೈಮ್ಲರ್ ಗೆಳೆಯನನ್ನು ಕೈಬಿಡಲಿಲ್ಲ. ಅವನ ಹಣದ ನೆರವಿನಿಂದ, ಕಾನ್‌ಸ್ಟಾಟಿನ ಹರ್ಮನ್ ಎಂಬ ಹೋಟೆಲಿನ ಸಭಾಂಗಣದಲ್ಲಿ ಮೇಬ್ಯಾಕ್ ಸಂಶೋಧನೆ ಮುಂದುವರಿಸಿದ. ಅಲ್ಲಿಯೇ 1893ರಲ್ಲಿ ಸಿಂಪಡಿಸುವ ಕಾರ್ಬುರೇಟರ್ ರೂಪುಗೊಂಡಿತು.

ಅದು ಕೆಲಸ ಮಾಡುವ ಬಗೆ ಬಹಳ ಸರಳ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡನ್ನು ನೋಡಿದ್ದೀರಲ್ಲವೇ? ನೀರು ತುಂಬಿದೊಡನೆ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದೆ. ಅದೇ ರೀತಿ ಪುಟ್ಟ ಬಟ್ಟಲಿನಲ್ಲಿ ಒಂದು ತೇಲುಕ ಪೆಟ್ರೋಲಿನ ಮಟ್ಟವನ್ನು ಒಂದೇ ಸಮನೆ ಇಡುತ್ತದೆ. ಬಟ್ಟಲಿನಿಂದ ಸಣ್ಣ ರಂಧ್ರದ ನಳಿಕೆಯೊಂದು ಗಾಳಿಯ ದಾರಿಗೆ ಬಾಯಿ ತೆರೆದಿರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಜೆಟ್ ಎನ್ನುತ್ತಾರೆ. ಎಂಜಿನ್ ಗಾಳಿಯನ್ನು ಎಳೆದಾಗ ಕಿರಿದಾದ ಜಾಗದಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ಬಟ್ಟಲಿನ ಮೇಲಿನ ಹೆಚ್ಚಿನ ಒತ್ತಡ ಪೆಟ್ರೋಲನ್ನು ಜೆಟ್ ಮೂಲಕ ಮೇಲೆ ತಳ್ಳುತ್ತದೆ. ಪೆಟ್ರೋಲ್ ತುಂತುರಾಗಿ ಗಾಳಿಯಲ್ಲಿ ಬೆರೆಯುತ್ತದೆ. ಗಾಳಿ ಹೆಚ್ಚು ಎಳೆದರೆ ಪೆಟ್ರೋಲೂ ಹೆಚ್ಚು, ಕಡಿಮೆ ಎಳೆದರೆ ಕಡಿಮೆ.

ವಿಶೇಷವೆಂದರೆ ಅದೇ 1893ರಲ್ಲಿ ಹಂಗೇರಿ ದೇಶದ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕಾ ಎಂಬ ಎಂಜಿನಿಯರುಗಳೂ ಇಂತಹುದೇ ಕಾರ್ಬುರೇಟರಿಗೆ ಪೇಟೆಂಟ್ ಪಡೆದರು. ಒಂದೇ ಸಮಸ್ಯೆಗೆ ಬೇರೆ ಬೇರೆ ಊರಿನವರು ಒಂದೇ ಉತ್ತರ ಕಂಡುಕೊಳ್ಳುವುದು ವಿಜ್ಞಾನದಲ್ಲಿ ಹೊಸತೇನಲ್ಲ.

ಒಂದು ಸಾಕೇ, ಎರಡು ಬೇಕೇ?

1895ರಲ್ಲಿ ಕಂಪನಿ ಡೈಮ್ಲರ್ ಮತ್ತು ಮೇಬ್ಯಾಕ್ ಇಬ್ಬರನ್ನೂ ಮರಳಿ ಕರೆಯಿತು. 1900ರ ಮಾರ್ಚ್‌ನಲ್ಲಿ ಡೈಮ್ಲರ್ ತೀರಿಕೊಂಡ. ಆ ದುಃಖದ ವರ್ಷದಲ್ಲೇ ಮೇಬ್ಯಾಕ್ 35 ಅಶ್ವಶಕ್ತಿಯ ಹೊಸ ಕಾರನ್ನು ರೂಪಿಸಿದ. ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿ ಅದನ್ನು ಬೇಡಿ ತರಿಸಿಕೊಂಡು, ತನ್ನ ಮಗಳ ಹೆಸರಾದ ಮರ್ಸಿಡಿಸ್ ಎಂಬುದನ್ನೇ ಕಾರಿಗೆ ಇಟ್ಟ. 1901ರಲ್ಲಿ ಫ್ರಾನ್ಸಿನ ನೀಸ್ ನಗರದ ಪಂದ್ಯಗಳಲ್ಲಿ ಅದು ಎಲ್ಲರನ್ನೂ ಬೆರಗುಗೊಳಿಸಿತು.

ಆ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣವನ್ನು ಒಯ್ಯುವ ಕವಲು ಕೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಕೆರೆಯ ತೂಬಿನಿಂದ ಕಾಲುವೆಯಲ್ಲಿ ನೀರು ಬಿಟ್ಟಾಗ ತಲೆಯ ಗದ್ದೆಗೆ ಬೇಗ, ಬಾಲದ ಗದ್ದೆಗೆ ತಡವಾಗಿ ನೀರು ಸಿಗುತ್ತದೆ ಅಲ್ಲವೇ? ಮ್ಯಾನಿಫೋಲ್ಡಿನಲ್ಲೂ ಹಾಗೆಯೇ ಆಗಬಹುದು. ಕೊಳವೆ ಉದ್ದವಾದರೆ ತುಂತುರು ಹನಿಗಳು ತಣ್ಣನೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಒಂದು ಸಿಲಿಂಡರಿಗೆ ಪೆಟ್ರೋಲ್ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಿ ಎಂಜಿನ್ ತಾಳ ತಪ್ಪುತ್ತದೆ. ಮೇಬ್ಯಾಕ್ ಈ ಕಾರಿಗೆ ಎರಡು ಕಾರ್ಬುರೇಟರ್ ಇಟ್ಟ. ಎರಡೆರಡು ಸಿಲಿಂಡರುಗಳಿಗೆ ಒಂದೊಂದು. ಹೀಗೆ ಮಾಡಿದಾಗ ದಾರಿ ಚಿಕ್ಕದಾಗುತ್ತದೆ, ಹಂಚಿಕೆ ಸಮನಾಗುತ್ತದೆ.

ಹಾಗಾದರೆ ದೊಡ್ಡ ಕಾರ್ಬುರೇಟರ್ ಹಾಕಿದರೆ ಶಕ್ತಿ ಹೆಚ್ಚುವುದೇ? ಯಾವಾಗಲೂ ಇಲ್ಲ. ಬಾಯಿ ತೀರ ಅಗಲವಾದರೆ ನಿಧಾನವಾಗಿ ಹೋಗುವಾಗ ಗಾಳಿಯ ವೇಗ ಕುಗ್ಗುತ್ತದೆ. ತುಂತುರು ಸರಿಯಾಗಿ ಏಳುವುದಿಲ್ಲ. ತೀರ ಕಿರಿದಾದರೆ ವೇಗದಲ್ಲಿ ಎಂಜಿನ್ನಿಗೆ ಉಸಿರು ಸಾಲದು. ಆದ್ದರಿಂದ ಹಳೆಯ ಕಾರನ್ನು ದುರಸ್ತಿ ಮಾಡುವವರು ಇಂದಿಗೂ ಎಂಜಿನ್ನಿನ ಗಾತ್ರ ಮತ್ತು ಅದು ಓಡುವ ವೇಗವನ್ನು ನೋಡಿಯೇ ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ಆರಿಸುತ್ತಾರೆ.

ಬೆಟ್ಟದ ಮೇಲೆ ಏನಾಗುತ್ತದೆ?

ಈಗ ನಮ್ಮ ಬೆಟ್ಟಕ್ಕೆ ಬರೋಣ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 100 ಎಂದುಕೊಂಡರೆ ಗೋಪಾಲಸ್ವಾಮಿ ಬೆಟ್ಟದ ತುದಿಯಲ್ಲಿ ಅದು ಸುಮಾರು 85 ಮಾತ್ರ. ಅಲ್ಲಿನ ಗಾಳಿ ತೆಳು. ಎಂಜಿನ್ ಅಷ್ಟೇ ಗಾತ್ರದ ಗಾಳಿಯನ್ನು ಎಳೆದರೂ ಅದರಲ್ಲಿ ಆಮ್ಲಜನಕ ಕಡಿಮೆ. ಆದರೆ ಜೆಟ್ಟಿನ ರಂಧ್ರ ಬದಲಾಗುವುದಿಲ್ಲ. ಗಾಳಿ ತೆಳುವಾದಷ್ಟು ಪೆಟ್ರೋಲ್ ಕಡಿಮೆಯಾಗುವುದಿಲ್ಲ. ಉಳಿದ ಪೆಟ್ರೋಲ್ ಅರೆಬರೆ ಉರಿದು ಕಪ್ಪು ಹೊಗೆಯಾಗುತ್ತದೆ, ಶಕ್ತಿ ಕುಂದುತ್ತದೆ. ಬೆಟ್ಟದ ಊರುಗಳಲ್ಲಿ ಓಡುವ ಇಂತಹ ಗಾಡಿಗೆ ಚಿಕ್ಕ ಜೆಟ್ ಹಾಕುವುದು ಇದಕ್ಕಾಗಿಯೇ.

ನಿಮ್ಮನ್ನು ಮೇಲೆ ಒಯ್ಯುವ ಡೀಸೆಲ್ ಬಸ್ಸಿಗೆ ಕಾರ್ಬುರೇಟರ್ ಇರುವುದಿಲ್ಲ. ಅಲ್ಲಿ ಡೀಸೆಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುತ್ತಾರೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಮೋಟಾರ್ ಸೈಕಲ್‌ಗಳಲ್ಲೂ ಕಾರ್ಬುರೇಟರಿನ ಬದಲು ಪುಟ್ಟ ಗಣಕವೇ ಪೆಟ್ರೋಲನ್ನು ಅಳೆದು ಕೊಡುತ್ತದೆ. ಆದರೂ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿದ್ದ ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಜೋಪಾನ ಮಾಡಿದವರ ಮನೆಯಲ್ಲಿ ನೀವು ಕಾರ್ಬುರೇಟರನ್ನು ನೋಡಬಹುದು.

ಕೊನೆಯ ದಿನಗಳು

ಡೈಮ್ಲರ್ ಹೋದ ಮೇಲೆ ಕಂಪನಿಯಲ್ಲಿ ಮೇಬ್ಯಾಕ್‌ನ ಮಾತಿಗೆ ಬೆಲೆ ಕಡಿಮೆಯಾಯಿತು. 1907ರಲ್ಲಿ ಅವನು ಹೊರಬಂದ. ಆಗ ಅವನಿಗೆ ಅರವತ್ತು ದಾಟಿತ್ತು. ಆದರೂ ಸುಮ್ಮನೆ ಕೂರಲಿಲ್ಲ. 1909ರಲ್ಲಿ ಮಗ ಕಾರ್ಲ್‌ನೊಂದಿಗೆ ಸೇರಿ ಜೆಪ್ಪೆಲಿನ್ ಎಂಬ ಆಕಾಶನೌಕೆಗಳಿಗೆ ಎಂಜಿನ್ ಮಾಡುವ ಕಾರ್ಖಾನೆ ಕಟ್ಟಲು ನೆರವಾದ. ಕಾಲೇಜು ಮೆಟ್ಟಿಲು ಹತ್ತದೆ ಸಂಜೆ ಪಾಠದಲ್ಲೇ ಕಲಿತ ಅವನಿಗೆ 1916ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1929ರ ಡಿಸೆಂಬರ್ 29ರಂದು ಅವನು ತೀರಿಕೊಂಡ. ಕಾನ್‌ಸ್ಟಾಟಿನಲ್ಲಿ ಗೆಳೆಯ ಡೈಮ್ಲರ್‌ನ ಸಮಾಧಿ ಇರುವ ಸ್ಮಶಾನದಲ್ಲೇ ಅವನ ಸಮಾಧಿಯೂ ಇದೆ.

ಮಾಡಿ ನೋಡಿ

ಒಂದು ಲೋಟದ ತುಂಬ ನೀರು ತೆಗೆದುಕೊಳ್ಳಿ. ಎಳನೀರು ಕುಡಿಯುವ ಕೊಳವೆಯ ತುಂಡೊಂದನ್ನು ನೀರಿನಲ್ಲಿ ನೇರವಾಗಿ ಹಿಡಿಯಿರಿ. ಅದರ ತುದಿ ನೀರಿನಿಂದ ಸ್ವಲ್ಪವೇ ಮೇಲಿರಲಿ. ಇನ್ನೊಂದು ಕೊಳವೆಯನ್ನು ಅದರ ಬಾಯಿಯ ಬಳಿ ಅಡ್ಡಲಾಗಿ ಹಿಡಿದು ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗಿ ಚಿಮ್ಮುತ್ತದೆ. ಈಗ ಲೋಟದ ಅರ್ಧ ನೀರು ಚೆಲ್ಲಿ, ಕೊಳವೆಯನ್ನು ಅಲುಗಿಸದೆ ಮತ್ತೆ ಊದಿ. ಏನಾಯಿತು? ಮೇಬ್ಯಾಕ್‌ನ ಬಟ್ಟಲಿಗೆ ತೇಲುಕ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ನಿಮ್ಮ ಉತ್ತರವನ್ನು ಬರೆದು ವಿಜ್ಞಾನದ ಮೇಷ್ಟ್ರಿಗೋ ಮಿಸ್‌ಗೋ ತೋರಿಸಿ. ನೆನಪಿಡಿ, ಈ ಪ್ರಯೋಗಕ್ಕೆ ನೀರನ್ನು ಮಾತ್ರ ಬಳಸಿ. ಪೆಟ್ರೋಲನ್ನು ಮುಟ್ಟಬೇಡಿ.