96ರಲ್ಲಿ ಸೊಂಟ ಮುರಿದರೂ ಆಪರೇಷನ್ ಬೇಡವೆಂದ ಯೋಗಗುರು: ಈ ಕಥೆಯಲ್ಲಿ ಯಾವುದು ನಿಜ, ಯಾವುದು ಅಪಾಯ?

ಯೋಗಾಚಾರ್ಯರೊಬ್ಬರು 96ನೇ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದುಕೊಂಡರು, ಆಪರೇಷನ್ ಬೇಡವೆಂದರು, ಹಾಸಿಗೆಯಲ್ಲೇ ವ್ಯಾಯಾಮ ಮಾಡುತ್ತಾ ನೂರು ದಾಟಿದರು. ಈ ಕಥೆ ಓದಿದರೆ ನಮ್ಮ ಮನೆಯ ಅಜ್ಜಿಗೂ ಆಪರೇಷನ್ ಯಾಕೆ ಬೇಕು ಅನಿಸುವುದು ಸಹಜ. ಹಂಚಿಕೊಳ್ಳುವ ಮುನ್ನ ಆ ವ್ಯಕ್ತಿಯ ಬದುಕನ್ನು ಪೂರ್ತಿ ನೋಡೋಣ.

ಯಾರು ಇವರು?

ಅವರ ಹೆಸರು ತಿರುಮಲೈ ಕೃಷ್ಣಮಾಚಾರ್ಯ. 1888ರ ನವೆಂಬರ್ 18ರಂದು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದರು. ಮೈಸೂರು ಮತ್ತು ಕಾಶಿಯಲ್ಲಿ ಓದಿದರು. ಹಿಮಾಲಯದಾಚೆ ಗುರುವೊಬ್ಬರ ಬಳಿ ವರ್ಷಗಟ್ಟಲೆ ಯೋಗ ಕಲಿತದ್ದಾಗಿ ಹೇಳುತ್ತಿದ್ದರು. ಇದಕ್ಕೆ ಮುಖ್ಯ ಆಧಾರ ಅವರ ಮಾತೇ.

ಆಗ ಯೋಗ ಕಲಿಸಿ ಸಂಸಾರ ನಡೆಸುವುದು ಸುಲಭವಿರಲಿಲ್ಲ. ಇಷ್ಟು ಓದಿದವರೂ ಕೆಲಕಾಲ ಹಾಸನ ಸೀಮೆಯ ಕಾಫಿ ತೋಟದಲ್ಲಿ ದುಡಿದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಸಿಕ್ಕಿತು. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಅವರ ಕನ್ನಡ ಪುಸ್ತಕ ‘ಯೋಗ ಮಕರಂದ’ ಅಚ್ಚಾಯಿತು. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್, ಇಂದ್ರಾ ದೇವಿ ಇವರ ಶಿಷ್ಯರು. ಇಂದು ಜಗತ್ತಿನ ಯಾವ ಮೂಲೆಯ ಯೋಗ ಕ್ಲಾಸಿಗೆ ಹೋದರೂ ಇವರ ಪಾಠದ ನೆರಳು ಕಾಣುತ್ತದೆ.

ಹೃದಯ ನಿಲ್ಲಿಸುತ್ತಿದ್ದರೇ?

ನಾಡಿ ನಿಲ್ಲಿಸಿ ತೋರಿಸುತ್ತಿದ್ದರು ಎಂಬುದು ಇವರ ಬಗ್ಗೆ ಇರುವ ಇನ್ನೊಂದು ಪ್ರಸಿದ್ಧ ಕಥೆ. ಹೀಗೆ ಹೃದಯ ನಿಲ್ಲಿಸಬಲ್ಲೆವು ಎನ್ನುವ ಯೋಗಿಗಳನ್ನು ಇಸಿಜಿ ಹಾಕಿ ಪರೀಕ್ಷಿಸಿದ ಅಧ್ಯಯನವೊಂದು 1961ರಲ್ಲಿ ಪ್ರಕಟವಾಯಿತು. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ. ಆದರೆ ಹೃದಯ ಬಡಿಯುತ್ತಲೇ ಇರುತ್ತದೆ. ಬಿಪಿ, ಹೃದ್ರೋಗ ಇರುವ ಹಿರಿಯರು ಇದನ್ನು ಮಾಡಲೇಬಾರದು.

ಮದ್ರಾಸಿನಲ್ಲಿ ಬದಲಾದ ಪಾಠ

1940ರಲ್ಲಿ ಮಹಾರಾಜರು ತೀರಿಕೊಂಡರು. ಹತ್ತು ವರ್ಷದಲ್ಲಿ ಯೋಗಶಾಲೆಯೂ ಮುಚ್ಚಿತು. ಅರವತ್ತು ದಾಟಿದ ಕೃಷ್ಣಮಾಚಾರ್ಯರು ಮದ್ರಾಸಿಗೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಅಲ್ಲಿ ಪಾರ್ಶ್ವವಾಯು ಹೊಡೆದ ಕಾನೂನು ತಜ್ಞರೊಬ್ಬರು ಚೇತರಿಸಿಕೊಳ್ಳಲು ನೆರವಾದರು.

ಮೈಸೂರಿನ ಹುಡುಗರಿಗೆ ಜಿಗಿತ, ಬಾಗುಗಳ ಬಿರುಸಿನ ಆಸನ ಕಲಿಸಿದ್ದ ಗುರು, ಈಗ ಒಬ್ಬೊಬ್ಬರಿಗೆ ಒಂದೊಂದು ಪಾಠ ಹೇಳತೊಡಗಿದರು. ಯೋಗಕ್ಕೆ ತಕ್ಕಂತೆ ಮನುಷ್ಯನಲ್ಲ, ಮನುಷ್ಯನಿಗೆ ತಕ್ಕಂತೆ ಯೋಗ ಎಂಬುದು ಅವರ ನಿಲುವು. ಯುವಕರಿಗೆ ಮೈ ಬೆಳೆಸುವ ಅಭ್ಯಾಸ, ಸಂಸಾರಸ್ಥರಿಗೆ ಆರೋಗ್ಯ ಕಾಯುವ ಅಭ್ಯಾಸ, ಹಿರಿಯರಿಗೆ ಉಸಿರು ಮತ್ತು ಧ್ಯಾನಕ್ಕೆ ಒತ್ತು. ಮಗ ದೇಶಿಕಾಚಾರ್ ಇದನ್ನೇ ಮುಂದುವರಿಸಿ 1976ರಲ್ಲಿ ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಕಟ್ಟಿದರು.

ಸೊಂಟ ಮುರಿದದ್ದು ನಿಜವೇ?

ಅವರ ಬದುಕನ್ನು ಬರೆದವರೆಲ್ಲ ಹೇಳುವ ಘಟನೆ ಇದು. ಆಪರೇಷನ್ ನಿರಾಕರಿಸಿ, ಮಲಗಿದಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಾವೇ ರೂಪಿಸಿಕೊಂಡರು. 1989ರ ಫೆಬ್ರವರಿ 28ರಂದು, ನೂರು ತುಂಬಿ ಮೂರು ತಿಂಗಳ ಮೇಲೆ ತೀರಿಕೊಂಡರು.

ಆದರೆ ಇದು ಒಬ್ಬರ ಕಥೆ, ಎಲ್ಲರಿಗೂ ಚಿಕಿತ್ಸೆಯಲ್ಲ. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲಿ ಮುರಿದರೆ, ಸಾಧ್ಯವಿರುವ ಹಿರಿಯರಿಗೆಲ್ಲ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ವೈದ್ಯರ ಪದ್ಧತಿ. ಮಲಗಿದಲ್ಲೇ ಬಿಟ್ಟರೆ ಬೆನ್ನಿಗೆ ಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಬೆನ್ನು ಹತ್ತುತ್ತವೆ. ಕೆಲವೇ ದಿನಗಳಲ್ಲಿ ಕಾಲಿನ ಸ್ನಾಯು ಕರಗತೊಡಗುತ್ತದೆ.

ಅಂದರೆ ಅವರ ಬದುಕಿನಿಂದ ನಾವು ಕಲಿಯಬೇಕಾದದ್ದು ಆಪರೇಷನ್ ಬೇಡ ಎಂದದ್ದನ್ನಲ್ಲ. ಮೈ ಆಡಿಸುವುದನ್ನು ನಿಲ್ಲಿಸದೇ ಇದ್ದದ್ದನ್ನು.

ಮನೆಯಲ್ಲಿ ಏನು ಮಾಡಿಸಬಹುದು?

65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, 2 ದಿನ ಸ್ನಾಯುಬಲದ ವ್ಯಾಯಾಮ, 3 ದಿನ ಸಮತೋಲನ ಸುಧಾರಿಸುವ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಆಗದವರು ಆದಷ್ಟು ಮಾಡಿದರೂ ಲಾಭವೇ.

• ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಅದರಿಂದ ನಿಧಾನವಾಗಿ ಏಳುವುದು, ಕೂರುವುದು.
• ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು.
• ಕುಳಿತಲ್ಲೇ ಒಂದೊಂದೇ ಮೊಣಕಾಲು ಎತ್ತುವುದು.
• ಮಲಗಿರುವವರು ಪಾದ ಮೇಲೆ ಕೆಳಗೆ ಆಡಿಸುವುದು.

ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಹೃದ್ರೋಗ ಇರುವವರು, ಈಚೆಗೆ ಬಿದ್ದವರು ಶುರು ಮಾಡುವ ಮೊದಲೇ ವೈದ್ಯರನ್ನು ಕೇಳಲಿ. ಬಚ್ಚಲು ಒಣಗಿರಲಿ, ಜಾರುವ ಕಾಲೊರಸು ತೆಗೆಯಿರಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ.

ಮುಂದಿನ ಸಲ ಈ ಕಥೆ ನಿಮ್ಮ ಮೊಬೈಲಿಗೆ ಬಂದರೆ, ಅದರ ಜೊತೆ ಇದನ್ನೂ ಕಳಿಸಿ. ಆಮೇಲೆ ಫೋನು ಕೆಳಗಿಟ್ಟು, ಅಜ್ಜಿಯ ಕುರ್ಚಿಯ ಪಕ್ಕ ನಿಂತು ಹತ್ತು ಸಲ ಎಣಿಸಿ.